ಯುರೋಪಿನ ಸೆಕೆ, ಎಸಿ ಇಲ್ಲದ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಫೋನಿನಲ್ಲಿ, ಮೇಲ್‌ನಲ್ಲಿ, ಕನ್ನಡ ಸಂಘದ ಊಟದ ಸಾಲಿನಲ್ಲಿ ಇವೇ ಪ್ರಶ್ನೆಗಳು. ಕೆಲಸಕ್ಕೆ, ಓದಿಗೆ ಬಂದವರು ಕೇಳುತ್ತಾರೆ. ಮಕ್ಕಳ ಮನೆಗೆ ಬರಲಿರುವ ಅಪ್ಪ-ಅಮ್ಮಂದಿರು ಇನ್ನೂ ಜಾಸ್ತಿ ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಆಯಿತು. ನಾನಿರುವುದು ಫ್ರಾಂಕ್‌ಫರ್ಟ್‌ನಲ್ಲಿ, ಹಾಗಾಗಿ ಜರ್ಮನಿಯ ಮಾತು ಸ್ವಲ್ಪ ಹೆಚ್ಚೇ ಬರುತ್ತದೆ.

## ಮೊದಲ ಬೇಸಿಗೆಯವರಿಗೆ

ಮೂವತ್ತೈದು ಡಿಗ್ರಿಗೇ ಇಷ್ಟು ಗಲಾಟೆ ಯಾಕೆ? ನಮ್ಮ ರಾಯಚೂರಲ್ಲಿ 43 ಇದ್ರೂ ಜನ ಆರಾಮಾಗಿ ಇರ್ತಾರಲ್ಲ?

ಆರಾಮಾಗಿ ಇರುತ್ತಾರೆ ಅನ್ನುವುದು ಪೂರ್ತಿ ನಿಜವಲ್ಲ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಬೀದಿ ನೋಡಿ, ಖಾಲಿ ಇರುತ್ತದೆ. ಆದರೂ ಪ್ರಶ್ನೆ ಸರಿಯಾಗಿಯೇ ಇದೆ.

ಟಿವಿಯಲ್ಲಿ ಹೇಳುವುದು ಹೊರಗಿನ ನೆರಳಿನ ಡಿಗ್ರಿ. ನಾವು ಬದುಕುವುದು ಮನೆಯೊಳಗಿನ ಡಿಗ್ರಿಯಲ್ಲಿ. ಇಲ್ಲಿನ ಮನೆಗಳನ್ನು ಚಳಿಗಾಲಕ್ಕೆಂದೇ ಕಟ್ಟಿದ್ದಾರೆ. ಒಳಗೆ ಬಂದ ಬಿಸಿ ಹೊರಗೆ ಹೋಗಬಾರದು, ಅದೇ ಅವುಗಳ ಕೆಲಸ. ಜುಲೈನಲ್ಲೂ ಅವು ಅದೇ ಕೆಲಸವನ್ನು ನಿಷ್ಠೆಯಿಂದ ಮಾಡುತ್ತವೆ. ಜೊತೆಗೆ ಹಗಲು ಉದ್ದ. ಜೂನ್ ಕೊನೆಯಲ್ಲಿ ಬರ್ಲಿನ್‌ನಲ್ಲಿ ಹಗಲು ಹೆಚ್ಚೂಕಡಿಮೆ 17 ಗಂಟೆ. ಬೆಂಗಳೂರಿನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರ. ಅಷ್ಟು ಹೊತ್ತೂ ಗೋಡೆ ಕಾಯುತ್ತಲೇ ಇರುತ್ತದೆ. ತಣ್ಣಗಾಗಲು ಸಿಗುವುದು ಪುಟ್ಟ ರಾತ್ರಿ.

ಮೈಗೆ ರೂಢಿ ಇರುವುದೂ ಮುಖ್ಯ. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಇಲ್ಲಿ 18 ಡಿಗ್ರಿ ಇದ್ದದ್ದು ಮೂರೇ ದಿನದಲ್ಲಿ 36 ಆಗುತ್ತದೆ. ಅದಕ್ಕೇ ಎಚ್ಚರಿಕೆ ಕೊಡುವ ಮಟ್ಟವೂ ಬೇರೆ. ಪ್ಯಾರಿಸ್‌ನಲ್ಲಿ ಮೂರು ದಿನದ ಸರಾಸರಿ ಹಗಲಿಗೆ 31, ರಾತ್ರಿಗೆ 21 ದಾಟುವಂತಿದ್ದರೆ ಆರೋಗ್ಯ ಇಲಾಖೆ ಎಚ್ಚರವಾಗುತ್ತದೆ. ನಮ್ಮಲ್ಲಿ ಬಯಲು ಸೀಮೆಗೆ ಬಿಸಿಗಾಳಿಯ ಲೆಕ್ಕ ಶುರುವಾಗುವುದೇ 40ರಿಂದ. ಆ ರಾತ್ರಿಯ 21ನ್ನು ನೋಡಿ ನಗಬೇಡಿ. ಕೊಲ್ಲುವುದು ಹೆಚ್ಚಾಗಿ ರಾತ್ರಿಯ ಸೆಕೆಯೇ. ಹಗಲು ದಣಿದ ಹೃದಯಕ್ಕೆ ರಾತ್ರಿಯೂ ಬಿಡುವು ಸಿಗುವುದಿಲ್ಲ.

2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸೆಕೆಯಿಂದ ಸತ್ತರು. 2022ರ ಬೇಸಿಗೆಯಲ್ಲಿ ಇಡೀ ಯುರೋಪಿನಲ್ಲಿ 60,000ಕ್ಕೂ ಹೆಚ್ಚು ಸಾವು ಎಂಬ ಅಂದಾಜಿದೆ. ಗಲಾಟೆ ಸುಮ್ನೆ ಅಲ್ಲ.

ಇಷ್ಟು ಶ್ರೀಮಂತ ದೇಶಗಳು. ಮನೇಲಿ ಒಂದು ಎಸಿ ಯಾಕಿಲ್ಲ?

ಇಲ್ಲವೇ ಇಲ್ಲ ಎಂದೇನಲ್ಲ. ಯುರೋಪನ್ನು ಒಟ್ಟಾಗಿ ನೋಡಿದರೆ ಐದರಲ್ಲಿ ಒಂದು ಮನೆಗೆ ಎಸಿ ಇದೆ. ಅಮೆರಿಕದಲ್ಲಿ ಹತ್ತರಲ್ಲಿ ಒಂಬತ್ತು. ಇಟಲಿ, ಸ್ಪೇನ್, ಗ್ರೀಸ್‌ನಲ್ಲಿ ಎಸಿ ಮಾಮೂಲು. ಬ್ರಿಟನ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಅಪರೂಪ.

ಮೊದಲಿಗೆ ಬೇಕಾಗಿರಲೇ ಇಲ್ಲ. ವರ್ಷಕ್ಕೆ ನಾಲ್ಕೈದು ದಿನದ ಸೆಕೆಗೆ ಯಾರು ಖರ್ಚು ಮಾಡುತ್ತಾರೆ? ಆಮೇಲೆ ಕರೆಂಟ್ ದುಬಾರಿ. ಕಟ್ಟಡಗಳು ಹಳೆಯವು, ಗೋಡೆ ಕೊರೆಯಲು ನೂರೆಂಟು ಒಪ್ಪಿಗೆ. ದೊಡ್ಡ ಊರುಗಳಲ್ಲಿ ಬಾಡಿಗೆಗೆ ಇರುವವರೇ ಹೆಚ್ಚು. ಬಾಡಿಗೆ ಮನೆಗೆ ಸ್ವಂತ ದುಡ್ಡಿನ ಎಸಿ ಯಾರಿಗೂ ಬೇಡ, ಮಾಲೀಕರಿಗಂತೂ ಆ ಮನೆಯ ಸೆಕೆಯ ಚಿಂತೆಯೇ ಇಲ್ಲ. ಇದೆಲ್ಲದರ ಮೇಲೆ ಎಸಿ ಅಂದರೆ ಅಮೆರಿಕದವರ ದುಂದು, ತಣ್ಣನೆ ಗಾಳಿ ಬಡಿದರೆ ಕುತ್ತಿಗೆ ಹಿಡಿಯುತ್ತದೆ ಎಂಬ ನಂಬಿಕೆ. ಜರ್ಮನ್ ಸಹೋದ್ಯೋಗಿಗಳ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ, ಶೀತ ಆಗುತ್ತದೆ ಎಂದು ಫ್ಯಾನ್ ಆರಿಸುತ್ತಿದ್ದ ನಮ್ಮ ಅಜ್ಜಿ ನೆನಪಾಗುತ್ತಾರೆ.

ಹೋಗ್ಲಿ, ಸೀಲಿಂಗ್ ಫ್ಯಾನ್ ಆದ್ರೂ ಹಾಕಿಸ್ಕೊಳ್ಳಬಹುದಲ್ವಾ?

ಹಾಕಿಸಬಹುದು, ಕಷ್ಟ ಜಾಸ್ತಿ. ಹೊಸ ಮನೆಗಳಲ್ಲಿ ಚಾವಣಿಯ ಎತ್ತರ ಸುಮಾರು ಎರಡೂವರೆ ಮೀಟರ್. ಎತ್ತರದ ಮನುಷ್ಯ ಕೈ ಎತ್ತಿದರೆ ರೆಕ್ಕೆಗೆ ತಾಗುತ್ತದೆ. ನಮ್ಮಲ್ಲಿ ಇರುವಂತೆ ಸ್ಲ್ಯಾಬ್‌ನಲ್ಲೇ ಕೊಕ್ಕೆ ಇರುವುದಿಲ್ಲ. ಎಷ್ಟೋ ಕಡೆ ಚಾವಣಿ ಅಂದರೆ ಪ್ಲಾಸ್ಟರ್ ಹಲಗೆ, ಭಾರ ತಡೆಯುವುದಿಲ್ಲ. ಸ್ವಂತ ಮನೆಯಾದರೆ, ಎತ್ತರವೂ ಇದ್ದರೆ ಹಾಕಿಸಿ, ಅದರಷ್ಟು ಸುಖ ಬೇರೆಯಿಲ್ಲ. ಬಾಡಿಗೆಯವರಿಗೆ ಒಳ್ಳೆಯ ಸ್ಟ್ಯಾಂಡ್ ಫ್ಯಾನ್ ಸಾಕು. ಅದನ್ನು ಏಪ್ರಿಲ್‌ನಲ್ಲೇ ಕೊಳ್ಳಿ. ಸೆಕೆ ಶುರುವಾದ ವಾರ ಅಂಗಡಿಗೆ ಹೋದರೆ ಖಾಲಿ ಶೆಲ್ಫ್ ನೋಡಿಕೊಂಡು ಬರಬೇಕು.

ಕಿಟಕಿ ತೆಗೆದಿಡೋದಾ, ಮುಚ್ಚೋದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಹೊರಗಿನ ಗಾಳಿ ಒಳಗಿಗಿಂತ ಬಿಸಿ ಇದ್ದಾಗ ಮುಚ್ಚಿ, ತಂಪಿದ್ದಾಗ ತೆಗೆಯಿರಿ. ಕಷ್ಟ ಇರುವುದು ಪಾಲಿಸುವುದರಲ್ಲಿ. ಸೆಕೆ ಅಂದರೆ ಕಿಟಕಿ ತೆಗೆ ಎಂದು ನಮ್ಮ ಕೈ ತಾನೇ ಹೋಗುತ್ತದೆ. ಊರಲ್ಲಿ ಅದು ಸರಿ, ಅಲ್ಲಿ ಗೋಡೆಗೆ ಬಿಸಿ ಹಿಡಿದಿಡುವ ದಪ್ಪ ಹೊದಿಕೆ ಇಲ್ಲ, ಮೇಲೆ ಫ್ಯಾನ್ ಇದೆ. ಇಲ್ಲಿ ಮಧ್ಯಾಹ್ನ ಮೂರಕ್ಕೆ ಕಿಟಕಿ ತೆಗೆದರೆ 36 ಡಿಗ್ರಿಯ ಗಾಳಿಯನ್ನು ಕರೆದು ಕೂರಿಸಿದ ಹಾಗೆ.

ಹತ್ತು ಯೂರೋದ ಎರಡು ಥರ್ಮಾಮೀಟರ್ ತನ್ನಿ. ಒಂದು ಒಳಗೆ, ಒಂದು ಹೊರಗಿನ ನೆರಳಿನಲ್ಲಿ. ಬೆಳಗ್ಗೆ ಎಂಟು-ಒಂಬತ್ತರ ಹೊತ್ತಿಗೆ ಹೊರಗಿನದ್ದು ಒಳಗಿನದ್ದನ್ನು ಮೀರುತ್ತದೆ. ಆಗ ಎಲ್ಲ ಮುಚ್ಚಿ. ರಾತ್ರಿ ಹತ್ತೋ ಹನ್ನೊಂದೋ ಆದಮೇಲೆ ಪೂರ್ತಿ ತೆಗೆಯಿರಿ. ಮೇಲ್ತುದಿ ಮಾತ್ರ ಒಳಗೆ ಬಾಗುವ ಹಾಗೆ ತೆರೆಯುವುದು ಜರ್ಮನಿಯಲ್ಲಿ ಎಲ್ಲರ ಅಭ್ಯಾಸ, ಆದರೆ ಅದರಿಂದ ಬರುವ ಗಾಳಿ ಏನೂ ಸಾಲದು. ಎದುರುಬದುರು ಎರಡು ಕಿಟಕಿ ಅಗಲವಾಗಿ ತೆರೆದು, ನಡುವಿನ ಬಾಗಿಲಿಗೆ ಏನಾದರೂ ಒತ್ತು ಕೊಡಿ. ಒಂದೇ ಕಡೆ ಕಿಟಕಿ ಇರುವ ಮನೆಯಾದರೆ ಫ್ಯಾನನ್ನು ಹೊರಮುಖವಾಗಿ ಇಟ್ಟು ಬಿಸಿ ಗಾಳಿಯನ್ನು ಹೊರಕ್ಕೆ ತಳ್ಳಿಸಿ. ಬೆಳಗಿನ ಜಾವ ನಾಲ್ಕರಿಂದ ಆರು ಅತಿ ತಂಪಿನ ಹೊತ್ತು. ನಸುಕಿನಲ್ಲೇ ಏಳುವ ಅಪ್ಪ-ಅಮ್ಮ ಮನೆಯಲ್ಲಿದ್ದರೆ ಈ ಕೆಲಸ ಅವರಿಗೇ ವಹಿಸಿ.

ದಪ್ಪ ಪರದೆ ಹಾಕಿದೀನಿ. ಆದ್ರೂ ರೂಮ್ ಕಾಯ್ತಿದೆ, ಯಾಕೆ?

ಯಾಕೆಂದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಿದೆ. ಪರದೆ ಕಾಯುತ್ತದೆ, ಆ ಕಾವು ರೂಮಿಗೇ ಸೇರುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾವು ಒಳಗೇ ಬರುವುದಿಲ್ಲ. ಸ್ಪೇನ್, ಇಟಲಿ, ಫ್ರಾನ್ಸ್‌ನ ಹಳೆಯ ಮನೆಗಳ ಹೊರಗೆ ಮರದ ಅಡ್ಡಪಟ್ಟಿಯ ಬಾಗಿಲುಗಳಿರುವುದು ಇದಕ್ಕೇ. ಜರ್ಮನಿಯ ಬಹಳ ಮನೆಗಳಲ್ಲಿ ಹೊರಗಿನ ರೋಲಿಂಗ್ ಶಟರ್ ಇರುತ್ತದೆ. ಕತ್ತಲಾಗುತ್ತದೆ ಎಂದು ಅದನ್ನು ಹಗಲು ಇಳಿಸದೇ ಇರುವವರೇ ಹೆಚ್ಚು. ಇಳಿಸಿಬಿಡಿ, ಕತ್ತಲಲ್ಲಿ ಕೂತರೂ ಪರವಾಗಿಲ್ಲ.

ಬ್ರಿಟನ್ ಕಥೆ ಬೇರೆ. ಅಲ್ಲಿನ ಕಿಟಕಿಗಳು ಹೊರಕ್ಕೆ ತೆರೆಯುತ್ತವೆ, ಇಲ್ಲವೇ ಮೇಲೆ ಕೆಳಗೆ ಜಾರುತ್ತವೆ. ಹೊರಗೆ ಶಟರ್ ಕೂರಿಸುವುದು ಕಷ್ಟ, ಅಭ್ಯಾಸವೂ ಇಲ್ಲ. ಹೊಸ ಮನೆಗಳು ಅತಿಯಾಗಿ ಕಾಯಬಾರದು ಎಂಬ ನಿಯಮ ಇಂಗ್ಲೆಂಡ್‌ನಲ್ಲಿ ಬಂದದ್ದೇ 2022ರಲ್ಲಿ.

ಬಾಡಿಗೆ ಮನೆಯಲ್ಲಿ ಏನೂ ಕೊರೆಯುವಂತಿಲ್ಲ ಎಂದರೆ ಬಾಲ್ಕನಿ ಕಂಬಿಗೆ ನೆರಳು ಬಟ್ಟೆ ಕಟ್ಟಿ. ಇಳಿಜಾರು ಚಾವಣಿಯ ಕಿಟಕಿಗೆ ಹೊರಗಿನಿಂದ ಸಿಕ್ಕಿಸುವ ಜಾಲಿ ಬಟ್ಟೆ ಸಿಗುತ್ತದೆ. ಅದೂ ಆಗದಿದ್ದರೆ, ಬೆಳ್ಳಿ ಬಣ್ಣದ ತೆಳು ಹಾಳೆಯನ್ನು ಗಾಜಿಗೆ ಒತ್ತಿ ಅಂಟಿಸಿದರೂ ಪರದೆಗಿಂತ ಮೇಲು. ಎಸಿಗೆ ಕೈ ಹಾಕುವ ಮೊದಲು ಈ ಕೆಲಸ ಮುಗಿಸಿ. ಪಶ್ಚಿಮದ ದೊಡ್ಡ ಕಿಟಕಿಯನ್ನು ಬಿಸಿಲಿಗೆ ಬಿಟ್ಟು ಎಸಿ ಹಾಕುವುದೆಂದರೆ ಸುಮ್ನೆ ದುಡ್ಡು ಸುರಿದ ಹಾಗೆ.

ಫ್ಯಾನ್ ಎದುರಿಗೆ ಐಸ್ ಇಟ್ಟರೆ ತಂಪಾಗತ್ತಂತೆ?

ಮುಖಕ್ಕೆ ಹತ್ತು ನಿಮಿಷ ಹಿತ, ರೂಮಿಗೆ ಏನೂ ಇಲ್ಲ. ಎರಡು ಕಿಲೋ ಐಸ್ ಕರಗುವಾಗ ಹೀರುವ ಬಿಸಿ, ಕರೆಂಟಿನ ಲೆಕ್ಕದಲ್ಲಿ ಹೇಳಿದರೆ, ಒಂದು ಯೂನಿಟ್‌ನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಸಣ್ಣ ಎಸಿ ಅಷ್ಟನ್ನು ಐದಾರು ನಿಮಿಷದಲ್ಲಿ ಹೊರಹಾಕುತ್ತದೆ. ಆ ಐಸ್ ಮಾಡಲು ನಿಮ್ಮದೇ ಫ್ರಿಜ್ ಅದಕ್ಕಿಂತ ಜಾಸ್ತಿ ಬಿಸಿಯನ್ನು ಅಡುಗೆಮನೆಗೆ ಬಿಟ್ಟಿರುತ್ತದೆ. ಒದ್ದೆ ಬಟ್ಟೆಯಿಂದ ಕೈಕಾಲು, ಕುತ್ತಿಗೆ ಒರೆಸಿಕೊಂಡು ಫ್ಯಾನ್ ಮುಂದೆ ಕೂರಿ, ಅದು ಕೆಲಸ ಮಾಡುತ್ತದೆ. ನೀರು ತುಂಬುವ ಏರ್ ಕೂಲರ್ ಮ್ಯಾಡ್ರಿಡ್‌ನಂಥ ಒಣ ಹವೆಯಲ್ಲಿ, ಕಿಟಕಿ ತೆರೆದಿದ್ದರೆ ಸರಿ. ಮುಚ್ಚಿದ ರೂಮಿನಲ್ಲಿ ಇಟ್ಟರೆ ಮಂಗಳೂರಿನ ಮೇ ತಿಂಗಳನ್ನು ಮನೆಗೇ ತಂದುಕೊಂಡಂತೆ.

ಮನೆ ಹುಡುಕ್ತಿದೀವಿ. ಬೇಸಿಗೆ ದೃಷ್ಟಿಯಿಂದ ಏನು ನೋಡ್ಬೇಕು?

ಜನವರಿಯಲ್ಲಿ ಮನೆ ನೋಡುವಾಗ ಇದು ತಲೆಗೇ ಬರುವುದಿಲ್ಲ. ಚಾವಣಿಯ ಕೆಳಗಿನ ಕಡೇ ಮಹಡಿ ಬೇಡ, ಎಷ್ಟೇ ಚೆಂದ ಇರಲಿ. ಪ್ಯಾರಿಸ್‌ನ ಹೆಚ್ಚಿನ ಮಾಡುಗಳು ಸತುವಿನ ತಗಡು. ಆ ತಗಡು ಹೊದಿಸುವವರ ಕಸುಬು 2024ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನೋಡಲು ಅಂದ, ಕೆಳಗೆ ಮಲಗುವವರಿಗೆ ನರಕ. ಹಿಂದೆ ಮನೆಗೆಲಸದವರಿಗೆ ಕಟ್ಟಿದ ಆ ಪುಟ್ಟ ಕೋಣೆಗಳಲ್ಲಿ ಈಗ ವಿದ್ಯಾರ್ಥಿಗಳಿದ್ದಾರೆ. 2003ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ ಒಂಟಿ ಮುದುಕರಲ್ಲಿ ಎಷ್ಟೋ ಜನ ಹೀಗೆ ಮಾಡಿನ ಕೆಳಗಿದ್ದವರು.

ಪಶ್ಚಿಮಕ್ಕೆ ದೊಡ್ಡ ಗಾಜಿದ್ದರೆ ಎರಡು ಸಲ ಯೋಚಿಸಿ. ದಕ್ಷಿಣದ ಗಾಜು ಅಷ್ಟು ಕೆಟ್ಟದ್ದಲ್ಲ, ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುವುದರಿಂದ ಮೇಲಿನ ಬಾಲ್ಕನಿಯೇ ನೆರಳು ಕೊಡುತ್ತದೆ. ಹೊರಗಿನ ಶಟರ್ ಇದೆಯಾ, ಎರಡು ದಿಕ್ಕಿಗೆ ಕಿಟಕಿ ಇದೆಯಾ, ರಾತ್ರಿ ಕಿಟಕಿ ತೆರೆದು ಮಲಗಲು ಬೀದಿಯ ಗದ್ದಲ ಬಿಡುತ್ತದಾ, ಇಷ್ಟು ಕೇಳಿ. ಒಳಾಂಗಣದ ಕಡೆಗೆ ಮಲಗುವ ಕೋಣೆ ಸಿಕ್ಕರೆ ಪುಣ್ಯ.

## ಎಸಿ ಕೊಳ್ಳುವವರಿಗೆ

ಪೋರ್ಟಬಲ್ ಎಸಿ ತಂದೆ. ಸದ್ದು ಮಾತ್ರ ಜಾಸ್ತಿ, ತಂಪೇ ಇಲ್ಲ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನೀವು ತಂದದ್ದು ಒಂದೇ ಪೈಪಿನ ಯಂತ್ರ. ಅದು ರೂಮಿನ ಗಾಳಿಯನ್ನೇ ಎಳೆದು, ಬಿಸಿಮಾಡಿ, ಪೈಪಿನಲ್ಲಿ ಹೊರಗೆ ಊದುತ್ತದೆ. ಗಂಟೆಗೆ 300 ಘನ ಮೀಟರ್‌ಗೂ ಮೀರಿ. ನಿಮ್ಮ ಮಲಗುವ ಕೋಣೆಯಲ್ಲಿ ಇರುವುದೇ ಸುಮಾರು 40 ಘನ ಮೀಟರ್ ಗಾಳಿ. ಅಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಒಳಗೆ ಬರಲೇಬೇಕು. ಬಾಗಿಲ ಸಂದಿ, ಕಿಟಕಿ ಸಂದಿ, ಬಚ್ಚಲಿನ ಕಿಂಡಿ, ಎಲ್ಲ ಕಡೆಯಿಂದ ಹೊರಗಿನ ಬಿಸಿ ಗಾಳಿ ನುಗ್ಗುತ್ತದೆ. ಇನ್ನು ಬಾಗಿಸಿ ತೆರೆದ ಕಿಟಕಿಯ ಸಂದಿಯಲ್ಲಿ ಪೈಪ್ ತೂರಿಸಿಟ್ಟರಂತೂ ಹೊರಗೆ ಊದಿದ ಬಿಸಿಯೇ ವಾಪಸು ಬರುತ್ತದೆ.

ಮಾಡಬೇಕಾದ್ದು ಇಷ್ಟು. ಕಿಟಕಿಯ ಸಂದಿಯನ್ನು ಪೂರ್ತಿ ಮುಚ್ಚಿ. ಜಿಪ್ ಇರುವ ಬಟ್ಟೆ ಸಿಗುತ್ತದೆ, ಅಳತೆಗೆ ಕತ್ತರಿಸಿದ ಹಲಗೆ ಇನ್ನೂ ಒಳ್ಳೆಯದು. ಪೈಪ್ ಚಿಕ್ಕದಾಗಿ, ನೇರವಾಗಿ ಇರಲಿ. ಅದು ಒಲೆಯಂತೆ ಕಾಯುತ್ತದೆ, ಮೇಲೆ ದಪ್ಪ ಟವೆಲ್ ಸುತ್ತಿ. ರೂಮ್ ಕಾದ ಮೇಲೆ ಹಾಕುವ ಬದಲು ಮಧ್ಯಾಹ್ನಕ್ಕೆ ಮುಂಚೆಯೇ ಶುರುಮಾಡಿ. ಎರಡು ಪೈಪಿನ ಯಂತ್ರ ಸಿಕ್ಕರೆ ಅದು ಉತ್ತಮ. ಹೊರಗಿನ ಭಾಗವನ್ನು ಬಾಲ್ಕನಿಯಲ್ಲಿ ಇಟ್ಟು, ತೆಳು ಪೈಪನ್ನು ಕಿಟಕಿಯಿಂದ ಒಳಗೆ ತರುವ, ಗೋಡೆ ಕೊರೆಯದ ಪುಟ್ಟ ಸ್ಪ್ಲಿಟ್‌ಗಳೂ ಬಂದಿವೆ. ದುಡ್ಡು ಜಾಸ್ತಿ, ಆದರೆ ಬಾಡಿಗೆಯವರಿಗೆ ನಾನು ಹೇಳುವುದು ಅದನ್ನೇ.

ಒಂದು ಅಪಾಯ ಮಾತ್ರ ಮರೆಯಬೇಡಿ. ಮನೆಯೊಳಗೆ ಗ್ಯಾಸ್ ಬಾಯ್ಲರ್ ಇದ್ದು ಅದು ರೂಮಿನ ಗಾಳಿಯನ್ನೇ ಬಳಸುವುದಾದರೆ, ಒಂದೇ ಪೈಪಿನ ಎಸಿ ಅದರ ಹೊಗೆಯನ್ನು ಚಿಮಣಿಯಿಂದ ಹಿಂದಕ್ಕೆ ಎಳೆಯಬಹುದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ. ವಿಯೆನ್ನಾದ ಹಳೆಯ ಮನೆಗಳಲ್ಲಿ ಇಂಥ ಬಾಯ್ಲರ್ ಬಹಳ. ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಚಿಮಣಿ ನೋಡುವವರನ್ನು ಕರೆಸಿ ಕೇಳಿ.

ಸ್ಪ್ಲಿಟ್ ಎಸಿ ಹಾಕಿಸೋಕೆ ಯಾರ್ಯಾರ ಹತ್ರ ಕೇಳ್ಬೇಕು?

ಬಾಡಿಗೆಯವರಾದರೆ ಮಾಲೀಕರ ಲಿಖಿತ ಒಪ್ಪಿಗೆ. ಫ್ಲ್ಯಾಟ್ ಸ್ವಂತದ್ದಾದರೂ ಹೊರಗೋಡೆ ಎಲ್ಲರದ್ದು. ಜರ್ಮನಿ, ಫ್ರಾನ್ಸ್‌ನಲ್ಲಿ ಫ್ಲ್ಯಾಟ್ ಮಾಲೀಕರ ಸಭೆಯಲ್ಲಿ ಮತ ಬೀಳಬೇಕು. ಆ ಸಭೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಜುಲೈನಲ್ಲಿ ಯೋಚನೆ ಬಂದರೆ ಆ ವರ್ಷದ ಬೇಸಿಗೆ ಹೋಯಿತು ಅಂತಲೇ ಲೆಕ್ಕ. ಪ್ಯಾರಿಸ್‌ನ ಬಹುಭಾಗದಲ್ಲಿ ಬೀದಿಗೆ ಕಾಣುವಂತೆ ಎಸಿಯ ಹೊರಗಿನ ಪೆಟ್ಟಿಗೆ ಇಡಲು ಬಿಡುವುದಿಲ್ಲ. ಇಂಗ್ಲೆಂಡ್‌ನಲ್ಲಿ ಪಾರಂಪರಿಕ ಕಟ್ಟಡವಾದರೆ ಇನ್ನೊಂದು ಸುತ್ತು ಅರ್ಜಿ.

ಎಲ್ಲರ ಒಪ್ಪಿಗೆ ಸಿಕ್ಕರೂ ಗ್ಯಾಸ್ ತುಂಬುವ ಕೆಲಸಕ್ಕೆ ಪ್ರಮಾಣಪತ್ರ ಇರುವ ತಂತ್ರಜ್ಞರೇ ಬೇಕು, ಅದು ಕಾನೂನು. ಹಾಗಾಗಿ ಕೂಲಿ ಯಂತ್ರದ ಬೆಲೆಯನ್ನೇ ಮೀರಿಸುವುದುಂಟು. ನೆರೆಯವರ ಮಲಗುವ ಕೋಣೆಯ ಪಕ್ಕ ಹೊರಗಿನ ಪೆಟ್ಟಿಗೆ ಬಂದರೆ ಜಗಳ ಖಂಡಿತ. ಜಾಗ ಗೊತ್ತುಮಾಡುವ ಮೊದಲೇ ಅವರ ಮನೆಗೆ ಹೋಗಿ ಮಾತಾಡಿ ಬನ್ನಿ.

ಕರೆಂಟ್ ಬಿಲ್ ಎಷ್ಟು ಏರತ್ತೆ?

ಜರ್ಮನಿಯಲ್ಲಿ ಯೂನಿಟ್‌ಗೆ 35ರಿಂದ 40 ಸೆಂಟ್ ಹಿಡಿಯಿರಿ. ಪೋರ್ಟಬಲ್ ಯಂತ್ರ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಎಂಟು ಗಂಟೆ ಅಂದರೆ ಮೂರು ಯೂರೋ. ಅದೇ ರೂಮಿಗೆ ಇನ್ವರ್ಟರ್ ಸ್ಪ್ಲಿಟ್ ಆದರೆ ಒಂದು, ಒಂದೂವರೆ ಯೂರೋದಲ್ಲಿ ಮುಗಿಯುತ್ತದೆ. ಬಿಸಿಲು ಜಾಸ್ತಿ ಇರುವ ದಿನವೇ ಎಸಿ ಬೇಕಾಗುವುದರಿಂದ ಸೋಲಾರ್ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಜರ್ಮನಿಯಲ್ಲಿ ಬಾಲ್ಕನಿಗೆ ಕಟ್ಟಿ ಪ್ಲಗ್‌ಗೆ ಸಿಕ್ಕಿಸುವ ಪುಟ್ಟ ಸೋಲಾರ್‌ಗೆ 2024ರಿಂದ 800 ವಾಟ್‌ವರೆಗೆ ಅವಕಾಶ ಇದೆ.

ಹೀಟ್ ಪಂಪ್‌ಗೆ ಸರ್ಕಾರ ದುಡ್ಡು ಕೊಡತ್ತೆ, ಎಸಿಗೆ ಕೊಡಲ್ಲ. ಎರಡೂ ಒಂದೇ ಅಲ್ವಾ?

ಯಂತ್ರ ಒಂದೇ. ಒಳಗಿನ ಬಿಸಿಯನ್ನು ಹೊರಗೆ ತಳ್ಳಿದರೆ ಎಸಿ, ತಿರುಗಿಸಿ ಹೊರಗಿನ ಬಿಸಿಯನ್ನು ಒಳಗೆ ತಂದರೆ ಹೀಟ್ ಪಂಪ್. ನೆಲದಡಿಯ ನೀರಿನ ಪೈಪಿಗೆ ಜೋಡಿಸಿದ ಹೀಟ್ ಪಂಪ್ ಎಷ್ಟೋ ಸಲ ಬೇಸಿಗೆಯಲ್ಲಿ ತಣ್ಣೀರು ಹರಿಸಿ ಕೋಣೆಯನ್ನು ಮೂರ್ನಾಲ್ಕು ಡಿಗ್ರಿ ಇಳಿಸಬಲ್ಲದು. ನಿಮ್ಮ ಮನೆಯಲ್ಲಿ ಈಗಾಗಲೇ ಇದ್ದರೆ ಆ ಸೌಲಭ್ಯ ಇದೆಯಾ ಎಂದು ಹಾಕಿದವರನ್ನು ಕೇಳಿ. ಇದ್ದೂ ಗೊತ್ತಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ಗೋಡೆಯ ರೇಡಿಯೇಟರ್ ಇದ್ದರೆ ಇದು ನಡೆಯುವುದಿಲ್ಲ, ಮೇಲೆ ನೀರು ಬೆವರಿ ಸೋರುತ್ತದೆ.

## ಹಿರಿಯರು, ಮಕ್ಕಳು, ಆರೋಗ್ಯ

ಅಪ್ಪ-ಅಮ್ಮ ಜುಲೈನಲ್ಲಿ ಬರ್ತಿದಾರೆ. ನಾವು ಸೆಕೆ ನೋಡಿದವರೇ ಬಿಡು ಅಂತಾರೆ. ಚಿಂತೆ ಬೇಡ್ವಾ?

ಚಿಂತೆ ಬೇಕು. ಬಳ್ಳಾರಿಯ ಸೆಕೆ ನೋಡಿದವರೇ ಇರಬಹುದು. ಆದರೆ ಅಲ್ಲಿ ಮೇಲೆ ಫ್ಯಾನ್ ಇತ್ತು, ಮಧ್ಯಾಹ್ನ ಮಲಗುವ ರೂಢಿ ಇತ್ತು, ತೆಳು ಹತ್ತಿ ಬಟ್ಟೆ ಇತ್ತು. ಇಲ್ಲಿ ಬಂದವರನ್ನು ನಾವು ಮಧ್ಯಾಹ್ನ ಒಂದಕ್ಕೆ ರೋಮ್‌ನ ಕಲ್ಲಿನ ಬಯಲಲ್ಲಿ ಸಾಲಿನಲ್ಲಿ ನಿಲ್ಲಿಸುತ್ತೇವೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಬೆವರುವುದೂ ಕಡಿಮೆ. ಬಚ್ಚಲು ಎಲ್ಲಿ ಸಿಗುತ್ತದೋ ಎಂಬ ಭಯಕ್ಕೆ ಅಮ್ಮಂದಿರು ನೀರೇ ಕುಡಿಯುವುದಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯ ಇದೆ ಎಂದು ನೀವೇ ಮೊದಲು ನೋಡಿಟ್ಟುಕೊಂಡು ಹೇಳಿಬಿಡಿ.

ಬಿಪಿಗೆ ಕೊಡುವ ನೀರಿಳಿಸುವ ಮಾತ್ರೆ, ಕೆಲವು ಹೃದಯದ ಮತ್ತು ಮನಸ್ಸಿನ ಕಾಯಿಲೆಯ ಮಾತ್ರೆಗಳು ಸೆಕೆಯಲ್ಲಿ ತೊಂದರೆ ಕೊಡಬಹುದು. ನೀವಾಗಿ ನಿಲ್ಲಿಸಬೇಡಿ. ಹೊರಡುವ ಮೊದಲೇ ಅಲ್ಲಿನ ಡಾಕ್ಟರನ್ನು ಕೇಳಿಸಿ. ಇನ್ಸುಲಿನ್ ಪೆನ್ನನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಮನೆಯಲ್ಲಿ ಅತಿ ತಂಪಾದ ಕೋಣೆ ಅವರಿಗೆ. ಎಸಿ ಒಂದೇ ಇದ್ದರೆ ಅದೂ ಅವರ ಕೋಣೆಗೇ. ತಿರುಗಾಟ ಬೆಳಗ್ಗೆ ಏಳರಿಂದ ಹನ್ನೊಂದು, ಆಮೇಲೆ ಸಂಜೆ ಏಳರ ನಂತರ. ಬೆಳಕು ಹೇಗೂ ಹತ್ತರವರೆಗೆ ಇರುತ್ತದೆ. ಅಥೆನ್ಸ್‌ನ ಅಕ್ರಾಪೊಲಿಸ್ ಸೆಕೆಯ ದಿನಗಳಲ್ಲಿ ಮಧ್ಯಾಹ್ನ ಮುಚ್ಚುವುದುಂಟು. ಟಿಕೆಟ್ ಬೆಳಗಿನ ಹೊತ್ತಿಗೇ ತೆಗೆಯಿರಿ. ನೀರು ಮಜ್ಜಿಗೆ, ಪಾನಕ ಇಲ್ಲೂ ಮಾಡಬಹುದು. ಇಲ್ಲಿನ ಮೊಸರು ಗಟ್ಟಿ, ಜಾಸ್ತಿ ನೀರು ಹಾಕಿ, ಅಷ್ಟೇ.

ಸನ್ ಸ್ಟ್ರೋಕ್ ಅಂತ ಹೇಗೆ ಗೊತ್ತಾಗೋದು? ಯಾವಾಗ ಆಂಬ್ಯುಲೆನ್ಸ್ ಕರೀಬೇಕು?

ಸುಸ್ತು, ತಲೆನೋವು, ವಾಂತಿ ಬರುವ ಹಾಗೆ ಆಗುವುದು, ಮೈ ತುಂಬ ಬೆವರು ಇದ್ದರೆ ತಂಪಿನ ಕಡೆ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ನೀರು ಕೊಡಿ. ಅರ್ಧ ಗಂಟೆಯಲ್ಲಿ ಸುಧಾರಿಸಬೇಕು. ಸುಧಾರಿಸದಿದ್ದರೆ, ಮಾತು ತಡವರಿಸಿದರೆ, ಗಲಿಬಿಲಿ ಆದರೆ, ಮೈ 40 ಡಿಗ್ರಿ ಮುಟ್ಟಿದರೆ, ಎಚ್ಚರ ತಪ್ಪಿದರೆ ಆ ಕ್ಷಣವೇ 112. ಬ್ರಿಟನ್‌ನಲ್ಲಿ 999. ಆಂಬ್ಯುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕುತ್ತ ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಫ್ಯಾನ್ ಬಗ್ಗೆಯೂ ಒಂದು ಮಾತು. ರೂಮ್ 40 ಡಿಗ್ರಿ ದಾಟಿದ್ದರೆ ಫ್ಯಾನ್ ಗಾಳಿ ಮೈಯನ್ನು ಇನ್ನೂ ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ.

ಮಗುವಿನ ಗಾಡಿ ಮೇಲೆ ತೆಳು ಬಟ್ಟೆ ಹೊದಿಸಿದ್ರೆ ಸಾಕಲ್ವಾ?

ಬೇಡ. ಎಷ್ಟೇ ತೆಳುವಾಗಿದ್ದರೂ ಗಾಳಿ ಆಡದೆ ಒಳಗೆ ಬೇಗ ಕಾಯುತ್ತದೆ. ಗಾಡಿಗೆ ಸಿಕ್ಕಿಸುವ ಕೊಡೆ ಹಾಕಿ, ಸುತ್ತ ಗಾಳಿ ಆಡಲಿ.

## ಮನೆಯಿಂದ ಹೊರಗೆ

ಮನೇಲಿ ಕೂರೋಕೇ ಆಗ್ತಿಲ್ಲ. ಎಲ್ಲಿಗೆ ಹೋಗ್ಲಿ?

ಬಾರ್ಸಿಲೋನಾದಲ್ಲಿ 2020ರಿಂದ ಲೈಬ್ರರಿ, ಮ್ಯೂಸಿಯಂ, ಶಾಲೆಯ ಅಂಗಳ, ಪಾರ್ಕ್ ಎಲ್ಲ ಸೇರಿಸಿ ಸೆಕೆಯಿಂದ ತಪ್ಪಿಸಿಕೊಳ್ಳುವ ತಾಣಗಳ ಜಾಲ ಮಾಡಿದ್ದಾರೆ. ಈಗ 300ಕ್ಕೂ ಹೆಚ್ಚಿವೆ. ಪ್ಯಾರಿಸ್ ಕೂಡ ತಂಪಿನ ತಾಣಗಳ ನಕ್ಷೆ ಕೊಡುತ್ತದೆ, ಸೆಕೆಯ ರಾತ್ರಿಗಳಲ್ಲಿ ಕೆಲವು ಪಾರ್ಕ್‌ಗಳನ್ನು ಮುಚ್ಚುವುದೇ ಇಲ್ಲ. ಒಂಟಿಯಾಗಿರುವ ಹಿರಿಯರು ನಗರಸಭೆಯಲ್ಲಿ ಹೆಸರು ಬರೆಸಿದರೆ ಸೆಕೆಯ ದಿನ ಫೋನ್ ಮಾಡಿ ವಿಚಾರಿಸುತ್ತಾರೆ. 2003ರ ಪಾಠ ಅದು.

ನಕ್ಷೆ ಏನೂ ಸಿಗದಿದ್ದರೆ ಹಳೆಯ ಕಲ್ಲಿನ ಚರ್ಚ್‌ಗೆ ಹೋಗಿ ಕೂರಿ. ಯಾರೂ ಏನೂ ಕೇಳುವುದಿಲ್ಲ. ಕುಡಿಯುವ ನೀರಿಗೆ ಪ್ಯಾರಿಸ್‌ನ ಹಸಿರು ಕಬ್ಬಿಣದ ಕಾರಂಜಿ, ರೋಮ್‌ನ ಬೀದಿ ನಲ್ಲಿ ಎರಡೂ ಧೈರ್ಯವಾಗಿ ಬಳಸಬಹುದು. ಸೇನ್ ನದಿಯಲ್ಲಿ 1923ರಿಂದ ನಿಂತಿದ್ದ ಈಜು 2025ರ ಜುಲೈನಲ್ಲಿ ಮತ್ತೆ ಶುರುವಾಯಿತು. ಗುರುತು ಮಾಡಿದ ಜಾಗದಲ್ಲಿ ಮಾತ್ರ ಇಳಿಯಿರಿ. ರೈನ್‌ನಂಥ ಹಡಗು ಓಡುವ ನದಿಗೆ ಇಳಿಯಲೇ ಬೇಡಿ. ಅಲ್ಲಿ ಸೆಳೆತ ಜೋರು. ನಮ್ಮ ಹುಡುಗರಲ್ಲಿ ಈಜು ಬಾರದವರೇ ಹೆಚ್ಚು.

ಲಂಡನ್ ಟ್ಯೂಬ್ ಒಳಗೆ ಯಾಕೆ ಅಷ್ಟು ಬೇಯತ್ತೆ? ನೆಲದೊಳಗೆ ತಂಪಿರಬೇಕಲ್ವಾ?

ಇತ್ತು. ಲಂಡನ್ನಿನ ಈ ಸುರಂಗ ರೈಲನ್ನು ಆರಂಭದಲ್ಲಿ ಬೇಸಿಗೆಯಲ್ಲೂ ತಂಪು ಎಂದೇ ಜಾಹೀರಾತು ಮಾಡುತ್ತಿದ್ದರು. ಸುರಂಗದ ಸುತ್ತ ಇರುವುದು ಜೇಡಿಮಣ್ಣು. ರೈಲಿನ ಬ್ರೇಕ್, ಮೋಟಾರ್, ಜನರ ಮೈಯ ಬಿಸಿಯನ್ನು ಅದು ನೂರು ವರ್ಷದಿಂದ ಹೀರುತ್ತ ಬಂದಿದೆ. 1900ರ ಸುಮಾರಿಗೆ 14 ಡಿಗ್ರಿ ಇದ್ದ ಮಣ್ಣು ಈಗ ಕೆಲವು ಕಡೆ 20 ಡಿಗ್ರಿಯನ್ನು ಚೆನ್ನಾಗಿಯೇ ದಾಟಿದೆ. ಕಿರಿದಾದ ಆಳ ಸುರಂಗದಲ್ಲಿ ಎಸಿ ಹಾಕಿದರೆ ಅದು ಉಗುಳುವ ಬಿಸಿ ಹೋಗಲು ಜಾಗವಿಲ್ಲ. ಸೆಂಟ್ರಲ್, ಬೇಕರ್‌ಲೂ ಲೈನ್ ತಪ್ಪಿಸಿ. ಡಿಸ್ಟ್ರಿಕ್ಟ್, ಸರ್ಕಲ್, ಮೆಟ್ರೊಪಾಲಿಟನ್, ಎಲಿಜಬೆತ್ ಲೈನ್‌ಗಳಲ್ಲಿ ಎಸಿ ಇದೆ.

ಆಫೀಸ್ ಎಷ್ಟು ಡಿಗ್ರಿ ಆದ್ರೆ ಮನೆಗೆ ಹೋಗಬಹುದು?

ತಾನಾಗಿ ಹೋಗುವ ಹಕ್ಕು ಹೆಚ್ಚಿನ ಕಡೆ ಇಲ್ಲ. ಜರ್ಮನಿಯ ನಿಯಮದಲ್ಲಿ ಮೂರು ಮೆಟ್ಟಿಲು. ಒಳಗೆ 26 ದಾಟಿದರೆ ಕಂಪನಿ ಏನಾದರೂ ಮಾಡುವುದು ಒಳ್ಳೆಯದು, 30 ದಾಟಿದರೆ ಮಾಡಲೇಬೇಕು, 35 ದಾಟಿದರೆ ವಿಶೇಷ ಏರ್ಪಾಡಿಲ್ಲದೆ ಆ ಕೋಣೆ ಕೆಲಸಕ್ಕೆ ಲಾಯಕ್ಕಲ್ಲ. ಬ್ರಿಟನ್‌ನಲ್ಲಿ ಗರಿಷ್ಠ ಮಿತಿಯೇ ಇಲ್ಲ. ಫ್ರಾನ್ಸ್‌ನಲ್ಲಿ 2025ರ ಜುಲೈನಿಂದ ಹವಾಮಾನ ಎಚ್ಚರಿಕೆ ಬಂದ ದಿನ ಮಾಲೀಕರು ಕೆಲಸದ ಹೊತ್ತು, ನೀರು, ನೆರಳು ನೋಡಿಕೊಳ್ಳಬೇಕು. ಗ್ರೀಸ್, ಇಟಲಿಯಲ್ಲಿ ಸೆಕೆ ಜೋರಾದಾಗ ಮಧ್ಯಾಹ್ನದ ಬಯಲು ಕೆಲಸವನ್ನೇ ನಿಲ್ಲಿಸುತ್ತಾರೆ. ಸಾಫ್ಟ್‌ವೇರ್‌ನವರು ನಾವು ಬಿಡಿ, ಎಸಿಯಲ್ಲಿ ಕೂರಲೆಂದೇ ಆಫೀಸಿಗೆ ಹೋಗುತ್ತೇವೆ. ಸೈಕಲ್ ಮೇಲೆ ಊಟ ತಲುಪಿಸುವ ನಮ್ಮದೇ ವಿದ್ಯಾರ್ಥಿಗಳಿಗೆ ಈ ನಿಯಮಗಳು ಬೇಕು.

## ಇನ್ನೂ ಆಳಕ್ಕೆ

ಎಲ್ಲರೂ ಎಸಿ ಹಾಕ್ಸಿದ್ರೆ ಊರೇ ಇನ್ನೂ ಕಾಯಲ್ವಾ?

ಕಾಯುತ್ತದೆ. ಪ್ಯಾರಿಸ್ ಬಗ್ಗೆ ಸಂಶೋಧಕರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದಾಗ, ಎಸಿ ಎಷ್ಟಿದೆ ಎಂಬುದರ ಮೇಲೆ ರಾತ್ರಿಯ ಬೀದಿ ಅರ್ಧ ಡಿಗ್ರಿಯಿಂದ ಎರಡು ಡಿಗ್ರಿವರೆಗೆ ಹೆಚ್ಚು ಕಾಯಬಹುದು ಎಂದು ಬಂತು. ಎಸಿ ಇಲ್ಲದೆ ಕಿಟಕಿ ತೆರೆದು ಮಲಗುವವರಿಗೆ ಆ ಎರಡು ಡಿಗ್ರಿ ಬಹಳ ಆಯಿತು. ಎಸಿಯೊಳಗಿನ ಗ್ಯಾಸ್ ಸೋರುವುದು ಇನ್ನೊಂದು ತಲೆನೋವು. ಹಳೆಯ ಆರ್-410ಎ ಗ್ಯಾಸ್ ವಾತಾವರಣವನ್ನು ಕಾರ್ಬನ್ ಡೈಆಕ್ಸೈಡ್‌ಗಿಂತ ಎರಡು ಸಾವಿರ ಪಟ್ಟು ಹೆಚ್ಚು ಕಾಯಿಸುತ್ತದೆ, ಆರ್-32 ಸುಮಾರು 675 ಪಟ್ಟು. ಆರ್-290 ಅಂದರೆ ಪ್ರೊಪೇನ್, ಅದರ ಪರಿಣಾಮ ತೀರಾ ಕಡಿಮೆ. ಕೊಳ್ಳುವಾಗ ಸಾಧ್ಯವಾದರೆ ಅದನ್ನೇ ನೋಡಿ.

ಆದರೆ ಈ ಲೆಕ್ಕ ತೋರಿಸಿ ಮುದುಕಿಯೊಬ್ಬರ ಮಲಗುವ ಕೋಣೆಯ ಎಸಿಯನ್ನು ಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಚಳಿಗಾಲದಲ್ಲಿ ಇಡೀ ಮನೆ ಕಾಯಿಸಲು ಗ್ಯಾಸ್ ಉರಿಸುವಾಗ ಯಾರಿಗೂ ಇಷ್ಟು ಪಾಪಪ್ರಜ್ಞೆ ಕಾಡುವುದಿಲ್ಲ.

ಪ್ಯಾರಿಸ್‌ನಲ್ಲಿ ನೆಲದೊಳಗೇ ತಣ್ಣೀರು ಹರಿಸ್ತಾರಂತೆ, ನಿಜವಾ?

ನಿಜ. ಬೇರೆ ಬೇರೆ ಎಸಿಗಳ ಬದಲು ಕೆಲವು ದೊಡ್ಡ ಘಟಕಗಳಲ್ಲಿ ನೀರನ್ನು ತಣ್ಣಗೆ ಮಾಡಿ, ಊರಿನ ಅಡಿಯ ಪೈಪ್‌ಗಳಲ್ಲಿ ಕಟ್ಟಡಗಳಿಗೆ ಕಳಿಸುತ್ತಾರೆ. ಬಿಸಿಯನ್ನು ಬೀದಿಗೆ ಉಗುಳದೆ ಸೇನ್ ನದಿಗೆ ಬಿಡುತ್ತಾರೆ. ಲೂವ್ರ್ ಮ್ಯೂಸಿಯಂ ತಂಪಾಗಿರುವುದು ಇದರಿಂದಲೇ. 2042ರ ಹೊತ್ತಿಗೆ ಜಾಲವನ್ನು ಸುಮಾರು 250 ಕಿಲೋಮೀಟರ್‌ಗೆ ಬೆಳೆಸುವ ಯೋಜನೆ ಇದೆ. ವಿಯೆನ್ನಾ, ಸ್ಟಾಕ್‌ಹೋಮ್, ಕೋಪನ್‌ಹೇಗನ್‌ನಲ್ಲೂ ಇಂಥ ಜಾಲ ಇದೆ. ಸಿಗುವುದು ಮುಖ್ಯವಾಗಿ ಆಫೀಸು, ಆಸ್ಪತ್ರೆ, ಅಂಗಡಿಗಳಿಗೆ. ಸಾಮಾನ್ಯ ಮನೆಗಳಿಗೆ ಬರಲು ಇನ್ನೂ ಕಾಲ ಬೇಕು.

2024ರ ಒಲಿಂಪಿಕ್ಸ್ ಗ್ರಾಮದಲ್ಲಿ ಎಸಿ ಬೇಡ, ನೆಲದಡಿ ತಣ್ಣೀರು ಹರಿಸಿದರೆ ಸಾಕು ಎಂದು ಕಟ್ಟಿದರು. ಹೊರಗಿಗಿಂತ ಆರು ಡಿಗ್ರಿ ಕಡಿಮೆ ಇರುತ್ತದೆ ಎಂಬ ಭರವಸೆ ಕೊಟ್ಟರು. ತಂಡಗಳು ಒಪ್ಪಲಿಲ್ಲ, ಸುಮಾರು 2,500 ಪೋರ್ಟಬಲ್ ಎಸಿ ತರಿಸಿಕೊಂಡವು. ನಮ್ಮ ಕ್ರೀಡಾ ಇಲಾಖೆಯೂ ಭಾರತದ ಆಟಗಾರರಿಗೆ 40 ಎಸಿ ಕೊಡಿಸಿತು.

ದಕ್ಷಿಣ ಯುರೋಪಿನವರು ಎಸಿ ಇಲ್ದೆ ನೂರಾರು ವರ್ಷ ಬದುಕಿಲ್ವಾ? ಅದನ್ನೇ ಮಾಡಿದ್ರೆ ಸಾಲದಾ?

ಸ್ಪೇನ್‌ನ ಸೆವಿಲ್ಲಾದ ಹಳೆಯ ಮನೆ ನೋಡಿದರೆ ನಮ್ಮ ತೊಟ್ಟಿ ಮನೆಯವರಿಗೆ ಪರಿಚಯ ಹತ್ತುತ್ತದೆ. ನಡುವೆ ಅಂಗಳ, ಗಿಡ, ನೀರು, ಸುಣ್ಣ ಬಳಿದ ದಪ್ಪ ಗೋಡೆ. ಬೇಸಿಗೆಯಲ್ಲಿ ಕಿರಿದಾದ ಬೀದಿಗಳ ಮೇಲೆ ಮನೆಯಿಂದ ಮನೆಗೆ ದೊಡ್ಡ ಬಟ್ಟೆ ಕಟ್ಟುತ್ತಾರೆ. ಮಧ್ಯಾಹ್ನ ಎರಡರಿಂದ ಐದು ಊರೇ ಮಲಗುತ್ತದೆ. ಇದನ್ನೆಲ್ಲ ಉತ್ತರದ ಊರುಗಳು ಕಲಿಯಲೇಬೇಕು, ಬಹಳ ತಡವಾಗಿದೆ.

ಅಷ್ಟರಿಂದಲೇ ಆಗುತ್ತದೆಯೇ? ದಪ್ಪ ಗೋಡೆ ಕೆಲಸ ಮಾಡುವುದು ರಾತ್ರಿ ತಂಪಿದ್ದರೆ. ಯುರೋಪ್ 1980ರ ದಶಕದಿಂದ ಜಗತ್ತಿನ ಸರಾಸರಿಯ ಎರಡು ಪಟ್ಟು ವೇಗದಲ್ಲಿ ಕಾಯುತ್ತಿದೆ. ಸಿಸಿಲಿಯಲ್ಲಿ 2021ರಲ್ಲಿ 48.8 ಡಿಗ್ರಿ ದಾಖಲಾಯಿತು. ಇಂಗ್ಲೆಂಡ್ ಕೂಡ 2022ರಲ್ಲಿ 40 ದಾಟಿತು. ಬೆಂಗಳೂರು ಇದುವರೆಗೆ ಕಂಡ ಅತಿ ಹೆಚ್ಚು ಬಿಸಿ 2016ರ ಏಪ್ರಿಲ್‌ನ 39.2! ಸೆವಿಲ್ಲಾದವರೂ ಈಗ ಅಂಗಳವನ್ನೂ ಇಟ್ಟುಕೊಂಡು, ಎಸಿಯನ್ನೂ ಹಾಕಿಸಿಕೊಂಡಿದ್ದಾರೆ.

ಎಸಿ ವಿಷಯಕ್ಕೆ ರಾಜಕೀಯದವರು ಯಾಕೆ ಜಗಳ ಆಡ್ತಾರೆ?

2025ರ ಜೂನ್ ಕೊನೆ, ಜುಲೈ ಆರಂಭದಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 1,900 ಶಾಲೆ ಮುಚ್ಚಿದವು, ಐಫೆಲ್ ಟವರ್‌ನ ತುದಿಗೆ ಜನರನ್ನು ಬಿಡುವುದನ್ನೂ ನಿಲ್ಲಿಸಿದರು. ಬಲಪಂಥದ ಮರೀನ್ ಲೆ ಪೆನ್ ದೇಶಕ್ಕೇ ದೊಡ್ಡ ಎಸಿ ಯೋಜನೆ ಬೇಕೆಂದರು. ಹಸಿರು ಪಕ್ಷದವರು ಗೋಡೆಗೆ ಹೊದಿಕೆ ಹಾಕಿ, ಮರ ನೆಡಿ ಎಂದರು. ಅದೇ ವಾರ ಗರೋನ್ ನದಿಯ ನೀರು 28 ಡಿಗ್ರಿಯ ಹತ್ತಿರ ಬಂದು, ಗೋಲ್ಫೆಶ್‌ನ ಅಣುಸ್ಥಾವರವನ್ನು ನಿಲ್ಲಿಸಬೇಕಾಯಿತು. ತಣ್ಣಗೆ ಮಾಡಲು ಬೇಕಾದ ನದಿಯೇ ಕಾದಿತ್ತು.

ಇಬ್ಬರೂ ಅರ್ಧ ಸರಿ. ಇಂದು ನೆಟ್ಟ ಸಸಿ ನೆರಳು ಕೊಡಲು ಹದಿನೈದು-ಇಪ್ಪತ್ತು ವರ್ಷ ಬೇಕು, ಮುಂದಿನ ಜುಲೈಗೆ ಅದು ಆಗುವುದಿಲ್ಲ. ಆಸ್ಪತ್ರೆ, ವೃದ್ಧಾಶ್ರಮ, ಶಾಲೆಗೆ ಎಸಿ ಮೊದಲು ಬರಲಿ. ಗಾಜಿನ ಗೋಡೆಯ ಹೊಸ ಕಟ್ಟಡಗಳಿಗೆ ಹೊರಗಿನ ನೆರಳು ಕಡ್ಡಾಯ ಆಗಲಿ. ಬಾಗಿಲು ತೆರೆದಿಟ್ಟು ಬೀದಿಗೆ ಎಸಿ ಬಿಡುವ ಅಂಗಡಿಗಳಿಗೆ ಫ್ರಾನ್ಸ್ 2022ರಲ್ಲೇ 750 ಯೂರೋ ದಂಡ ಇಟ್ಟಿತು, ಅದನ್ನು ವಸೂಲಿಯೂ ಮಾಡಲಿ.

ಸ್ಪೇನ್‌ನಲ್ಲಿ 27ಕ್ಕಿಂತ ಕಡಿಮೆ ಇಟ್ಟರೆ ಅಪರಾಧ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಹೋಟೆಲ್ ರೂಮಲ್ಲೂ ಹಾಗೇನಾ?

ಆ ಆದೇಶ 2022ರ ಆಗಸ್ಟ್‌ನದ್ದು. ರಷ್ಯಾ-ಉಕ್ರೇನ್ ಯುದ್ಧದಿಂದ ಗ್ಯಾಸ್ ದುಬಾರಿಯಾದಾಗ ಬಂತು. ಅನ್ವಯಿಸಿದ್ದು ಸರ್ಕಾರಿ ಕಚೇರಿ, ಅಂಗಡಿ, ಚಿತ್ರಮಂದಿರ, ನಿಲ್ದಾಣಗಳಂಥ ಜಾಗಕ್ಕೆ. ಮನೆಗಳಿಗೆ ಇರಲಿಲ್ಲ. 2023ರ ನವೆಂಬರ್‌ಗೆ ಅದರ ಅವಧಿಯೂ ಮುಗಿಯಿತು. ರಿಮೋಟ್ ನಿಮ್ಮ ಕೈಯಲ್ಲೇ ಇದ್ದರೆ 25ಕ್ಕೆ ಇಟ್ಟು ಮಲಗಿ.